ಭೀಮರಾಜನ ಜೋಡಿಗೆ ಯಾರು?

ದೊಡ್ಡಬಳ್ಳಾಪುರದ ಕೋದಂಡರಾಮಯ್ಯನವರ ಮಗ್ಗದ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದ ಮುನಿಕೃಷ್ಣ ತನ್ನ ನಲವತ್ತೊಂದು ವರ್ಷಗಳ ಜೀವಮಾನದಲ್ಲಿ ಫುಟ್‌ಬಾಲನ್ನು ಕಾಲಿನಿಂದ ಮುಟ್ಟಿದ್ದು ಒಂದೇ ಸಲ. ಅದೂ ಬಸ್ ನಿಲ್ದಾಣದ ಹತ್ತಿರ ಯಾರದೋ ಚೆಂಡು ಉರುಳಿಬಂದು ಅವನ ಕಾಲಿಗೆ ಬಡಿದಾಗ. ಸರಿಯಾಗಿ ನೋಡಿದರೆ ಚೆಂಡೇ ಅವನನ್ನು ಮುಟ್ಟಿತು ಎನ್ನಬೇಕು. ಇಂಥವನು ಷಡ್ಡಕನ ಎದುರು ಬಾಯಿ ಬಿಡಬಾರದಿತ್ತು.

ಷಡ್ಡಕ ಯೋಗಾನಂದ, ಅಂದರೆ ಮುನಿಕೃಷ್ಣನ ಹೆಂಡತಿ ಪದ್ಮಶ್ರೀಯ ತಂಗಿ ಅರುಣಾಳ ಗಂಡ, ದೇವನಹಳ್ಳಿಯ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿದ್ದ. ಕೊರಳಲ್ಲಿ ಗುರುತಿನ ಚೀಟಿ ನೇತಾಡಿಸಿಕೊಂಡೇ ಊಟಕ್ಕೆ ಕೂರುವ ಮನುಷ್ಯ. ನೆಂಟರ ಮನೆಯ ನಾಮಕರಣವೊಂದರಲ್ಲಿ, ಮೊಬೈಲಿನಲ್ಲಿ ಫುಟ್‌ಬಾಲ್ ತಂಡ ನಡೆಸುವ ಆಟದ ಬಗ್ಗೆ ಕೋಸಂಬರಿಯಿಂದ ಮಜ್ಜಿಗೆಯವರೆಗೂ ಮಾತಾಡಿದ. ಆಟಗಾರರನ್ನು ಕೊಳ್ಳುವುದು, ಮಾರುವುದು, ಯಾರು ಎಲ್ಲಿ ನಿಂತು ಏನು ಮಾಡಬೇಕು ಎಂದು ಹೇಳುವುದು, ಅಷ್ಟೇ ನಮ್ಮ ಕೆಲಸ. ಪಂದ್ಯವನ್ನು ಮೊಬೈಲೇ ಆಡಿಕೊಳ್ಳುತ್ತದೆ.

"ಅಣ್ಣಂಗೆ ಇದೆಲ್ಲಾ ಬೇಜಾರು ಬಿಡಿ," ಎಂದ ಕೊನೆಗೆ, ಮುನಿಕೃಷ್ಣನ ಕಡೆ ತಿರುಗಿ. "ಮಗ್ಗ ಬಿಟ್ರೆ ಅವ್ರಿಗೆ ಬೇರೆ ಏನ್ ಗೊತ್ತು?"

ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು. ಅದನ್ನು ತಡೆದುಕೊಳ್ಳಬಹುದಿತ್ತು. ಅನ್ನ ಬಡಿಸುತ್ತಿದ್ದ ಪದ್ಮಶ್ರೀಯೂ ನಕ್ಕಳು.

"ಫುಟ್‌ಬಾಲಾ? ಹೈಸ್ಕೂಲಲ್ಲಿ ನಾನೇ ಸ್ಟ್ರೈಕರ್ ಕಣಪ್ಪಾ," ಎಂದುಬಿಟ್ಟ ಮುನಿಕೃಷ್ಣ.

ಕೈ ತೊಳೆದುಕೊಂಡು ಬರುವಷ್ಟರಲ್ಲಿ ಆ ಆಟ ಅವನ ಮೊಬೈಲಿನಲ್ಲಿ ಕೂತಿತ್ತು. ನೆಂಟರು, ಸ್ನೇಹಿತರು ಸೇರಿ ಎಂಟು ತಂಡಗಳ ಲೀಗು. ಪ್ರತಿ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಪಂದ್ಯ.

ಆರು ವಾರಗಳಲ್ಲಿ ಆರು ಸೋಲುಗಳಾದವು. ಹೊಡೆಸಿಕೊಂಡ ಗೋಲು ಇಪ್ಪತ್ತಾರು, ಹೊಡೆದದ್ದು ಒಂದು. ಆ ಒಂದನ್ನೂ ಎದುರು ತಂಡದವನೊಬ್ಬ ದಾರಿ ತಪ್ಪಿ ತನ್ನ ಕಡೆಗೇ ಹೊಡೆದುಕೊಂಡಿದ್ದ. ಏಳನೇ ಭಾನುವಾರ ಯೋಗಾನಂದನ ತಂಡದ ಮೇಲೇ ಪಂದ್ಯ. ಅದರಲ್ಲೂ ಸೋತರೆ ಮುನಿಕೃಷ್ಣ ಲೀಗಿನಿಂದ ಹೊರಗೆ. ಹೀಗೆ ಹೊರಬಿದ್ದವರ ಫೋಟೋಕ್ಕೆ ಹೂವಿನ ಹಾರ ಹಾಕಿ, ಕೆಳಗೆ ಎರಡು ದೀಪ ಹಚ್ಚಿ, ನೆಂಟರ ವಾಟ್ಸಾಪ್ ಗುಂಪಿಗೆ ಹಾಕುವುದು ಯೋಗಾನಂದನ ಪದ್ಧತಿ. ಹಿಂದಿನ ವರ್ಷ ನೆಲಮಂಗಲದ ಒಬ್ಬರ ಫೋಟೋ ನೋಡಿ, ಅವರ ಚಿಕ್ಕಮ್ಮ ನಿಜವಾಗಿಯೂ ಅಳುತ್ತ ಬಸ್ ಹತ್ತಿದ್ದರು.

ತೊಂದರೆ ಇದ್ದದ್ದು ಸ್ಟ್ರೈಕರುಗಳಲ್ಲಿ. ಮುಂದೆ ನಿಂತು ಗೋಲು ಹೊಡೆಯುವ ಇಬ್ಬರನ್ನು ಆರಿಸಬೇಕು. ಆರಿಸಿದರೆ ಸಾಲದು, ಒಬ್ಬೊಬ್ಬರಿಗೂ ಒಂದು ಕೆಲಸ ಹಚ್ಚಬೇಕು. ಒಬ್ಬನನ್ನು ಕಂಬದ ಹಾಗೆ ಎದುರಿಗೆ ನಿಲ್ಲಿಸಬಹುದು. ಅವನು ನೂಕಾಟವನ್ನೆಲ್ಲ ಮೈಮೇಲೆ ಹಾಕಿಕೊಳ್ಳುತ್ತಾನೆ. ಇನ್ನೊಬ್ಬ ಕಳ್ಳನ ಹಾಗೆ ಹಿಂದಿನಿಂದ ನುಗ್ಗಿ ಗೋಲು ಹೊಡೆಯಬಹುದು. ಅಥವಾ ಒಬ್ಬನು ಕೆಳಗಿಳಿದು ಬಂದು ಚೆಂಡು ಹಂಚಬಹುದು. ಯಾರ ಜೊತೆ ಯಾರು ಹೊಂದುತ್ತಾರೆ ಎಂಬುದೇ ಮುನಿಕೃಷ್ಣನಿಗೆ ತಿಳಿಯುತ್ತಿರಲಿಲ್ಲ. ಆಟಗಾರರ ಹೆಸರುಗಳೋ ಯಾವುದೋ ದೂರದೇಶದವು, ನಾಲಿಗೆಗೆ ಹತ್ತುತ್ತಿರಲಿಲ್ಲ. ಹೆಸರು ಬದಲಾಯಿಸಲು ಆಟದಲ್ಲಿ ಅವಕಾಶವಿತ್ತು. ನೆನಪಿಗೆ ಸುಲಭವಾಗಲಿ ಎಂದು ಅವನು ಎಲ್ಲರಿಗೂ ಕಾರ್ಖಾನೆಯವರ ಹೆಸರಿಟ್ಟ.

ಎತ್ತರದ ಸ್ಟ್ರೈಕರ್‌ಗೆ ಮೂರನೇ ಮಗ್ಗದ ಭೀಮರಾಜನ ಹೆಸರು. ನಿಜವಾದ ಭೀಮರಾಜ ಬಾಗಿಲಲ್ಲಿ ನಿಂತರೆ ಒಳಗೆ ಕತ್ತಲಾಗುತ್ತಿತ್ತು. ಚುರುಕಾದ ಗಿಡ್ಡನಿಗೆ ಏಳನೇ ಮಗ್ಗದ ಕೆಂಪರಾಜನ ಹೆಸರು. ಗೋಲು ಕಾಯುವವನಿಗೆ ಕಂಡಿಕೆಗೆ ನೂಲು ಸುತ್ತುವ ಮುತ್ತಮ್ಮನ ಹೆಸರು, ಏಕೆಂದರೆ ಇಪ್ಪತ್ತು ವರ್ಷಗಳಿಂದ ಆಕೆಯ ಕೈಯಿಂದ ಒಂದು ಕಂಡಿಕೆಯೂ ಕೆಳಗೆ ಬಿದ್ದಿರಲಿಲ್ಲ. ತಂಡದ ಅತಿ ಹಿರಿಯ ಆಟಗಾರನಿಗೆ, ಕೇವಲ ಗೌರವದಿಂದ, ಯಜಮಾನರಾದ ಕೋದಂಡರಾಮಯ್ಯನವರ ಹೆಸರಿಟ್ಟ. ಈ ಗೌರವವೇ ಮುಂದೆ ಅವನ ಕುತ್ತಿಗೆಗೆ ಬಂತು.

ಆ ವಾರವೆಲ್ಲ ಅವನಿಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಗಳಿಗೆಗೊಮ್ಮೆ ನೀರು ಕುಡಿಯುತ್ತಿದ್ದ. ಪದ್ಮಶ್ರೀ ಸಕ್ಕರೆ ಕಾಯಿಲೆಯೆಂದು ಗಾಬರಿಯಾಗಿ ಕಾಫಿಗೆ ಸಕ್ಕರೆ ಹಾಕುವುದನ್ನೇ ನಿಲ್ಲಿಸಿದಳು.

"ಭೀಮರಾಜಂಗೆ ಯಾರನ್ನ ಜೋಡಿ ಮಾಡ್ಲಿ?" ಎಂದು ಅವನು ತಿಂಡಿ ತಿನ್ನುತ್ತ ಗೊಣಗಿದ.

"ಅವನಿಗೆ ಮದ್ವೆಯಾಗಿ ಎರಡು ಮಕ್ಕಳಿದ್ದಾವೆ ಕಣ್ರೀ," ಎಂದಳು ಪದ್ಮಶ್ರೀ. "ಏನಾಗಿದೆ ನಿಮ್ಗೆ?"

ಗುರುವಾರ ಕಾರ್ಖಾನೆಯಲ್ಲಿ ಹೊಸ ಸೀರೆಯಂಚಿನ ನಕ್ಷೆ ಬಂದಿತ್ತು. ಚೌಕಳಿ ಕಾಗದದ ಮೇಲೆ ಹಸಿರು ಗಿಳಿಗಳ ಸಾಲು. ಮುನಿಕೃಷ್ಣನಿಗೆ ಗಿಳಿ ಕಾಣಲಿಲ್ಲ, ಕಾಗದದ ಚೌಕಗಳು ಕಂಡವು. ಹಿಂಬದಿಯಲ್ಲಿ ತನ್ನ ತಂಡವನ್ನು ಬರೆದು ನೋಡಿದ. ಬರೆದ ಮೇಲೆ ಮನಸ್ಸು ಎಷ್ಟು ಹಗುರವಾಯಿತೆಂದರೆ, ಆ ಕಾಗದವನ್ನು ಹಾಗೆಯೇ ಮಡಚಿ, ಒಪ್ಪಿಗೆಗಾಗಿ ಯಜಮಾನರ ಮನೆಗೆ ಕಳಿಸಿಬಿಟ್ಟ.

ಕೋದಂಡರಾಮಯ್ಯನವರು ಗಿಳಿಗಳನ್ನು ಮೆಚ್ಚಿದರು. ಬಣ್ಣ ಹಿಂದಕ್ಕೆ ಇಳಿದಿದೆಯೇ ಎಂದು ಕಾಗದ ತಿರುಗಿಸಿದರು. ಅಲ್ಲಿ ಮೇಸ್ತ್ರಿಯ ದುಂಡು ಅಕ್ಷರಗಳಲ್ಲಿ ಹೀಗಿತ್ತು:

"ಭಾನುವಾರ ಹನ್ನೊಂದು ಗಂಟೆ. ಇದೇ ಕೊನೆ ಅವಕಾಶ. ಸ್ಟ್ರೈಕರ್ಸ್: ಭೀಮರಾಜ್, ಕೆಂಪರಾಜ್. ಭೀಮರಾಜ್ ಎದುರಿಗೇ ನಿಲ್ಲುವುದು, ಎಷ್ಟು ನೂಕಿದರೂ ಜಾಗ ಬಿಡಬಾರದು. ಕೆಂಪರಾಜ್ ಸದ್ದಿಲ್ಲದೆ ಹಿಂದಿನಿಂದ ನುಗ್ಗುವುದು, ಸಿಕ್ಕಿದ ತಕ್ಷಣ ಹೊಡೆಯುವುದು. ಮುತ್ತಮ್ಮ ಗೋಡೆ ಥರ ನಿಲ್ಲಬೇಕು. ಕೋದಂಡರಾಮಯ್ಯ ಬೇಡ. ಓಡಲಾಗುವುದಿಲ್ಲ, ಬರೀ ಕೂಗಾಡುತ್ತಾರೆ. ಹೊರಗೆ ಕೂರಿಸುವುದು. ಯಾರಾದರೂ ಕೊಂಡರೆ ಮಾರುವುದು."

ಯಜಮಾನರು ಮೂರು ಸಲ ಓದಿದರು. ಎದ್ದು ಮುಂಬಾಗಿಲಿನ ಅಗುಳಿ ಹಾಕಿದರು. ಆಮೇಲೆ ಕೆಂಪರಾಜನ ನೆನಪಾಗಿ ಹಿತ್ತಲ ಬಾಗಿಲಿನದನ್ನೂ ಹಾಕಿದರು.

"ಲೇ, ಬಾರೇ ಇಲ್ಲಿ!" ಎಂದು ಹೆಂಡತಿಯನ್ನು ಕೂಗಿದರು. "ನನ್ನನ್ನ ಹೊರಗೆ ಕೂರಿಸ್ತಾರಂತೆ ಕಣೇ! ಮಾರಿಬಿಡ್ತಾರಂತೆ!"

ನಾರಾಯಣಮ್ಮ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. "ಬರೀ ಕೂಗಾಡ್ತಾರೆ ಅನ್ನೋದೇನೋ ಸರಿಯಾಗೇ ಬರೆದವ್ನೆ," ಎಂದರು. "ಆದ್ರೆ ನಿಮ್ಮನ್ನ ಯಾರು ಕೊಂಡ್ಕೊತಾರೆ?"

ಪಕ್ಕದ ಬೀದಿಯಲ್ಲಿ ಮಗ್ಗ ಹಾಕಿದ್ದ ಅಪ್ಪಯ್ಯಣ್ಣನವರಿಗೆ ಫೋನ್ ಹೋಯಿತು. ಅವರು ಲುಂಗಿಯಲ್ಲೇ ಓಡಿಬಂದು, ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, ತೀರ್ಪು ಕೊಟ್ಟರು. "ಸ್ಟ್ರೈಕ್ ಕಣಯ್ಯಾ. ಸ್ಟ್ರೈಕ್ ಮಾಡೋರು ಸ್ಟ್ರೈಕರ್ಸು. ಚೌಕಳಿ ಹಾಕಿ ಪ್ಲಾನ್ ಮಾಡವ್ರೆ. ನಿನ್ ಮೇಸ್ತ್ರಿ ಸಾಮಾನ್ಯದವನಲ್ಲ."

"ಹದಿನೆಂಟು ವರ್ಷದಿಂದ ನನ್ನೆದುರು ತಲೆ ಎತ್ತಿಲ್ಲವಲ್ಲೋ ಅವನು!"

"ಅದೇ ನೋಡು. ತಲೆ ಎತ್ತದೆ ಬರ್ಕೊಂಡು ಕೂತಿದ್ದಾನೆ."

ಕಾರ್ಮಿಕ ಇಲಾಖೆಯ ಅಧಿಕಾರಿಗೆ ತಿಳಿಸುವುದೆಂದೂ, ಅಲ್ಲಿಯವರೆಗೆ ಯಾರಿಗೂ ಹೇಳಬಾರದೆಂದೂ ಇಬ್ಬರೂ ತೀರ್ಮಾನಿಸಿದರು. ನಾರಾಯಣಮ್ಮನವರು ಯಾರಿಗೂ ಹೇಳಲಿಲ್ಲ. ಮಾರನೆಯ ಬೆಳಿಗ್ಗೆ ಮುತ್ತಮ್ಮ ಎದುರಾದಾಗ ಕೇಳಿದರು, ಅಷ್ಟೆ. "ಏನ್ ಮುತ್ತಮ್ಮಾ, ಭಾನುವಾರ ಗೋಡೆ ಥರ ನಿಲ್ತೀಯಂತೆ?"

ಮುತ್ತಮ್ಮ ಅವರ ಬಾಯಿಂದ ಪೂರ್ತಿ ಸಂಗತಿ ಹೊರಡಿಸಿಕೊಂಡು ಕಾರ್ಖಾನೆಗೆ ಹೋದಳು. ಇಪ್ಪತ್ತನಾಲ್ಕು ಮಗ್ಗಗಳ ಸದ್ದಿನ ನಡುವೆ ಕಿವಿಯಿಂದ ಕಿವಿಗೆ ಸುದ್ದಿ ಹರಿಯಿತು. ಮುನಿಕೃಷ್ಣ ಒಳಗೆ ಕಾಲಿಡುವಾಗ ಮಗ್ಗಗಳು ಒಂದೊಂದಾಗಿ ನಿಂತವು. ಅಷ್ಟು ನಿಶ್ಶಬ್ದವನ್ನು ಅವನು ಆಯುಧಪೂಜೆಯ ದಿನ ಬಿಟ್ಟು ಎಂದೂ ಕೇಳಿರಲಿಲ್ಲ. ಯಾರೋ ಸತ್ತಿದ್ದಾರೆ ಎಂದುಕೊಂಡ.

"ಮೇಸ್ತ್ರಿ, ಇಷ್ಟು ದಿನ ನಿಮ್ಮನ್ನ ಯಜಮಾನ್ರ ಬಾಲ ಅಂದ್ಕೊಂಡಿದ್ವಿ," ಎಂದಳು ಮುತ್ತಮ್ಮ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ನಮ್ಗೋಸ್ಕರ ಒಬ್ರೇ ಕೂತು ಸ್ಟ್ರೈಕಿಗೆ ಇಷ್ಟೆಲ್ಲಾ ಯೋಚ್ನೆ ಮಾಡಿದ್ದೀರಲ್ಲಾ!"

ಅವನಿಗೆ ವಿಷಯ ಅರ್ಥವಾಗಲು ಎರಡು ನಿಮಿಷ ಬೇಕಾಯಿತು. ಅರ್ಥವಾದ ಮೇಲೆ ನೂಲಿನ ಮೂಟೆಯ ಮೇಲೆ ಕೂತ. "ಅಯ್ಯೋ, ಸ್ಟ್ರೈಕ್ ಅಲ್ಲ ಕಣ್ರೋ! ಸ್ಟ್ರೈಕರ್! ಅದು ಆಟ!"

"ಗೊತ್ತು ಬಿಡಿ, ಆಟಾನೇ," ಎಂದು ಕೆಂಪರಾಜ ಕಣ್ಣು ಹೊಡೆದ. "ಭಾನುವಾರ ಆಡಿಸ್ತೀವಿ."

ಆದರೆ ಭೀಮರಾಜನ ಮುಖ ಊದಿಕೊಂಡಿತ್ತು. ಅವನಿಗೂ ಕೆಂಪರಾಜನಿಗೂ ಮೂರು ವರ್ಷಗಳಿಂದ ಮಾತಿರಲಿಲ್ಲ. ಕೆಂಪರಾಜ ಸೆಕೆಯೆಂದು ಕಿಟಕಿ ತೆರೆದಿಟ್ಟು, ದಿಢೀರನೆ ಮಳೆ ಬಂದು, ಭೀಮರಾಜನ ಮಗ್ಗದ ಮೇಲಿದ್ದ ಸೆರಗು ತೊಯ್ದುಹೋದಾಗ ಬಿಟ್ಟ ಮಾತು ಅದು.

"ಮೇಸ್ತ್ರೀ, ನ್ಯಾಯ ಹೇಳಿ. ನಾನು ಎದುರಿಗೆ ನಿಂತು ನೂಕಿಸ್ಕೊಳ್ಳೋದು, ಈ ಗಿಡ್ಡ ಹಿಂದಿಂದ ಬಂದು ಹೆಸ್ರು ತಗೊಳ್ಳೋದಾ?" ಎಂದ ಭೀಮರಾಜ.

"ಅವನಿಗೆ ಹೇಳಿ ಮೇಸ್ತ್ರಿ," ಎಂದ ಕೆಂಪರಾಜ, ಪಕ್ಕದಲ್ಲೇ ನಿಂತವನ ಕಡೆ ನೋಡದೆ. "ಹಿಂದಿಂದ ಬರೋಕೆ ತಲೆ ಬೇಕು. ಎದುರಿಗೆ ನಿಲ್ಲೋಕೆ ಮೈ ಸಾಕು."

"ಲೇ!"

"ಏನ್ಲಾ?"

ಮೂರು ವರ್ಷಗಳ ಮೇಲೆ ಅವರಿಬ್ಬರು ನೇರವಾಗಿ ಆಡಿದ ಮೊದಲ ಮಾತುಗಳು ಇವೇ ಆಗಿದ್ದರಿಂದ, ಉಳಿದವರು ಶುಭಸೂಚನೆಯೆಂದು ಚಪ್ಪಾಳೆ ತಟ್ಟಿದರು. ಆಮೇಲೆ ಬೇಡಿಕೆಗಳನ್ನು ಬರೆಯತೊಡಗಿದರು. ಸ್ಟ್ರೈಕಿಗೆ ನಾಯಕ ಸಿಕ್ಕಿದ್ದ, ದಿನ ಸಿಕ್ಕಿತ್ತು, ಕಾರಣವೊಂದನ್ನು ಹುಡುಕಬೇಕಿತ್ತು. ಹುಡುಕಲು ಬಹಳ ದೂರ ಹೋಗಬೇಕಾಗಲಿಲ್ಲ. ಬಚ್ಚಲ ಕೋಣೆಯ ಬಾಗಿಲಿಗೆ ಚಿಲಕವಿರಲಿಲ್ಲ. ಒಳಗೆ ಹೋದವರು ಜೋರಾಗಿ ಹಾಡುತ್ತಲೇ ಇರಬೇಕಿತ್ತು, ಹಾಡು ಬಾರದ ಮುತ್ತಮ್ಮ ಮನೆಗೆ ಹೋಗಿಬರುತ್ತಿದ್ದಳು. ಧೂಳು ಹೊರಗೆ ಎಳೆಯುವ ಫ್ಯಾನು ಕೆಟ್ಟು ನಾಲ್ಕು ವರ್ಷವಾಗಿ, ಅದರಲ್ಲಿ ಗುಬ್ಬಚ್ಚಿ ಗೂಡು ಕಟ್ಟಿತ್ತು.

ಶನಿವಾರ ಯಜಮಾನರಿಂದ ಕರೆ ಬಂತು. ಮುನಿಕೃಷ್ಣ ಹೋಗುವ ದಾರಿಯಲ್ಲಿ ಮೂರು ಕಡೆ ನಿಂತು ನೀರು ಕುಡಿದ. ಹದಿನೆಂಟು ವರ್ಷದ ಕೆಲಸ ಹೋದರೆ ಬೇರೆ ಮಗ್ಗದವರು ತನ್ನನ್ನು ಸೇರಿಸಿಕೊಳ್ಳುತ್ತಾರೆಯೇ? ಸ್ಟ್ರೈಕ್ ಮಾಡಿಸಿದ ಮೇಸ್ತ್ರಿ ಎಂದು ಊರೆಲ್ಲ ಹೆಸರಾದ ಮೇಲೆ ಯಾರು ಹತ್ತಿರ ಸೇರಿಸುತ್ತಾರೆ?

"ಯಜಮಾನ್ರೇ, ತಾಯಾಣೆಗೂ ಅದು ಮೊಬೈಲ್ ಆಟ," ಎಂದ, ಬಾಗಿಲಲ್ಲೇ ಕೈ ಮುಗಿದು. "ಬೇಕಾದ್ರೆ ನೋಡಿ, ತೋರಿಸ್ತೀನಿ."

ತೋರಿಸಬಾರದಿತ್ತು. ಕೋದಂಡರಾಮಯ್ಯನವರು ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದರು. ಪರದೆಯ ಮೇಲೆ ಅವರ ಕೆಲಸಗಾರರ ಹೆಸರುಗಳ ಸಾಲು, ಒಬ್ಬೊಬ್ಬರ ಮುಂದೆ ವಯಸ್ಸು, ದೇಹಬಲ, ಇನ್ನೆಷ್ಟು ದಿನ ಇರುತ್ತಾರೆ ಎಂಬ ವಿವರ. ಕಟ್ಟಕಡೆಯಲ್ಲಿ ಅವರ ಹೆಸರು. ಅದರ ಪಕ್ಕ ಕೆಳಮುಖವಾದ ಕೆಂಪು ಬಾಣ.

"ಇದೇನಿದು? ವೇಗ ಮೂರು?"

"ಇಪ್ಪತ್ತಕ್ಕೆ, ಯಜಮಾನ್ರೇ."

"ತಾಳ್ಮೆ ಎರಡು?"

"ಅದೂ ಇಪ್ಪತ್ತಕ್ಕೇ."

"ಬೆಲೆ ಸೊನ್ನೆ! ಯಾರಯ್ಯಾ ಹಾಕಿದ್ದು ಈ ಸೊನ್ನೇನ?"

"ಅದು ನಾನಲ್ಲ, ಮೊಬೈಲೇ ಹಾಕ್ಕೊಳ್ಳುತ್ತೆ," ಎಂದು ಮುನಿಕೃಷ್ಣ ಅಳುಧ್ವನಿಯಲ್ಲಿ ಹೇಳಿದ. ಒಳಗಿನಿಂದ ನಾರಾಯಣಮ್ಮನವರ ನಗು ಕೇಳಿಸಿತು. ಯಜಮಾನರಿಗೆ ಉಳಿದಿದ್ದ ಎರಡು ಅಂಕದ ತಾಳ್ಮೆಯೂ ಮುಗಿಯಿತು. "ನಾಳೆ ಆಫೀಸರ್ ಮುಂದೆ ಹೇಳ್ಕೋ ಹೋಗು. ನಿನ್ ಕೆಲ್ಸ ಇರುತ್ತೋ ಇಲ್ವೋ, ನಾಳೇನೇ ತೀರ್ಮಾನ!"

ಭಾನುವಾರ ಹತ್ತೂವರೆಗೆ ಯಜಮಾನರ ಮನೆಯ ಮುಂದೆ ಮೂವತ್ತು ಜನ ಸೇರಿದ್ದರು. ಗಲಾಟೆ ಮಾಡಬೇಡಿರೆಂದು ಮುನಿಕೃಷ್ಣ ಒಬ್ಬೊಬ್ಬರ ಕೈ ಹಿಡಿದು ಬೇಡಿಕೊಂಡ. ಅವರು ಅದನ್ನು ನಾಯಕನ ಶಿಸ್ತೆಂದು ತಿಳಿದು ಮೌನವಾಗಿ ನಿಂತರು. ಆ ಮೌನ ಗಲಾಟೆಗಿಂತ ಭಯಂಕರವಾಗಿತ್ತು. ಭೀಮರಾಜ ಮುಂಬಾಗಿಲನ್ನು ತುಂಬಿಕೊಂಡು ನಿಂತ. ಮುತ್ತಮ್ಮ ಗೇಟಿಗೆ ಬೆನ್ನು ಕೊಟ್ಟಳು. ಕೆಂಪರಾಜ ಕಾಣಲಿಲ್ಲ. ಮುನಿಕೃಷ್ಣನ ಜೇಬಿನಲ್ಲಿ ಮೊಬೈಲು ಗುಂಯ್ ಎಂದು ನಡುಗಿತು. ಪಂದ್ಯಕ್ಕೆ ತಂಡ ಆರಿಸಲು ಇನ್ನು ಅರ್ಧ ಗಂಟೆ ಇದೆಯೆಂಬ ನೆನಪೋಲೆ. ಅದನ್ನು ತೆಗೆದು ನೋಡುವ ಧೈರ್ಯ ಅವನಿಗಾಗಲಿಲ್ಲ.

ಹನ್ನೊಂದಕ್ಕೆ ಸರಿಯಾಗಿ ಕಾರ್ಮಿಕ ನಿರೀಕ್ಷಕಿ ಅಕ್ಷತ ಸ್ಕೂಟರಿನಲ್ಲಿ ಬಂದಳು. ಹೊಸಬಳು, ಮೂವತ್ತರ ಒಳಗಿನವಳು. ಸಿಕ್ಕ ಒಂದು ಭಾನುವಾರವೂ ಹಾಳಾಯಿತೆಂಬ ಸಿಟ್ಟು ಮುಖದ ಮೇಲಿತ್ತು. ಭೀಮರಾಜ ಅವಳಿಗೆ ಮಾತ್ರ ಒಂದು ಅಡಿ ಸರಿದು ದಾರಿ ಬಿಟ್ಟ. ಮುನಿಕೃಷ್ಣನನ್ನೂ ಒಳಗೆ ಕರೆದರು. ಅಪ್ಪಯ್ಯಣ್ಣನವರು ಕಾಗದವನ್ನು ಎರಡು ಬೆರಳಿನಲ್ಲಿ ಹಿಡಿದು ಕೊಟ್ಟರು.

ಅವಳು ಓದಿದಳು. ತಿರುಗಿಸಿ ಗಿಳಿಗಳನ್ನು ನೋಡಿದಳು. ಮತ್ತೆ ತಿರುಗಿಸಿ ಓದಿದಳು. ಅವಳ ಹುಬ್ಬು ಗಂಟಾದಾಗ ಮುನಿಕೃಷ್ಣ ಗೋಡೆಗೆ ಒರಗಿದ.

"ಇದನ್ನ ಬರೆದಿದ್ದು ಯಾರು?"

"ನಾನೇ ಮೇಡಂ."

"ಏನ್ರೀ ಇದು, ಇಬ್ರನ್ನೂ ಒಂದೇ ಸಾಲಲ್ಲಿ ಮುಂದೆ ನಿಲ್ಲಿಸಿದ್ದೀರಾ! ಇವ್ರಿಗೆ ಚೆಂಡು ತಂದ್ಕೊಡೋರು ಯಾರು?"

ಮುನಿಕೃಷ್ಣನ ಕಣ್ಣಲ್ಲಿ ನೀರು ಬಂತು. ಆರು ವಾರಗಳಲ್ಲಿ ಅವನ ಕಷ್ಟ ಅರ್ಥವಾದ ಮೊದಲ ಜೀವ ಅದು. "ಅದೇ ಮೇಡಂ, ಅದೇ ನಂಗೂ ಗೊತ್ತಾಗ್ತಿಲ್ಲ," ಎಂದ.

"ಒಬ್ಬ ಎದುರಿಗೆ ತಡೆದು ನಿಲ್ಬೇಕು, ಇನ್ನೊಬ್ಬ ನುಗ್ಬೇಕು, ಸರಿ. ಆದ್ರೆ ಅವರಿಬ್ರ ಹಿಂದೆ ಇನ್ನೊಬ್ಬ ಬೇಕಲ್ವಾ? ಅವನಿಲ್ದಿದ್ರೆ ಇಬ್ರೂ ಸುಮ್ನೆ ನಿಂತ್ಕೊಂಡಿರ್ತಾರೆ." ಆಮೇಲೆ ಅವಳು ಯಜಮಾನರ ಕಡೆ ತಿರುಗಿದಳು. "ಸಾರ್, ಇದು ಫುಟ್‌ಬಾಲು. ನಾನು ಕಾಲೇಜ್ ತಂಡದಲ್ಲಿ ನಾಲ್ಕು ವರ್ಷ ಆಡಿದ್ದೀನಿ. ಸ್ಟ್ರೈಕೂ ಇಲ್ಲ, ಏನೂ ಇಲ್ಲ."

ಕೋದಂಡರಾಮಯ್ಯನವರು ಕುರ್ಚಿಯಲ್ಲಿ ಹಿಂದಕ್ಕೆ ಬಿದ್ದು ಉಸಿರು ಬಿಟ್ಟರು. ಅಪ್ಪಯ್ಯಣ್ಣನವರು ತಮಗೆ ಮೊದಲೇ ಅನುಮಾನವಿತ್ತು ಎಂದರು. ಯಜಮಾನರು ನಗುತ್ತ ಬಾಗಿಲಿಗೆ ಬಂದು, "ಆಟವಂತೆ ಕಣ್ರಯ್ಯಾ, ಹೋಗಿ ಎಲ್ಲಾ ಮನೆಗೆ," ಎಂದು ಭೀಮರಾಜನ ಎದೆಗೆ ಕೈಯಿಟ್ಟು ಮೆಲ್ಲಗೆ ತಳ್ಳಿದರು.

ಭೀಮರಾಜ ಕದಲಲಿಲ್ಲ. ಎಷ್ಟು ನೂಕಿದರೂ ಜಾಗ ಬಿಡಬಾರದೆಂದು ಅವನಿಗೆ ತಿಳಿದಿತ್ತು. ಯಜಮಾನರು ಎರಡೂ ಕೈ ಹಾಕಿದರು. ಅಪ್ಪಯ್ಯಣ್ಣನವರೂ ಕೈ ಸೇರಿಸಿದರು. ಮನೆಯೊಳಗಿದ್ದವರೆಲ್ಲರ ಕಣ್ಣು ಅವನ ಮೇಲಿರುವಾಗ, ಹಿಂದಿನಿಂದ, ಅಡುಗೆಮನೆಯ ಕಡೆಯಿಂದ, ಒಂದು ದನಿ ಕೇಳಿಸಿತು.

"ಆಟದ ವಿಷ್ಯ ಆಯ್ತಲ್ಲ ಯಜಮಾನ್ರೇ. ಚಿಲಕದ ವಿಷ್ಯ?"

ಕೆಂಪರಾಜ ನಡುಮನೆಯಲ್ಲಿ ನಿಂತಿದ್ದ. ಹಿತ್ತಲ ಬಾಗಿಲಿನ ಅಗುಳಿ ತೆಗೆದುಕೊಟ್ಟವರು ಯಾರೆಂಬುದನ್ನು ನಾರಾಯಣಮ್ಮನವರು ಇವತ್ತಿಗೂ ಹೇಳಿಲ್ಲ.

"ಯಾವ ಚಿಲಕ?" ಎಂದಳು ಅಕ್ಷತ.

ಇಲ್ಲಿ ಕೆಂಪರಾಜ ತಡವರಿಸಿದ. ಬಾಯಿ ಚುರುಕಾದರೂ ಅಧಿಕಾರಿಯ ಮುಂದೆ ಬಚ್ಚಲ ಕೋಣೆಯ ಮಾತನ್ನು ಹೇಗೆ ಎತ್ತುವುದೆಂದು ತಿಳಿಯದೆ ಚಾವಣಿ ನೋಡಿದ. ಭೀಮರಾಜ ಬಾಗಿಲಲ್ಲಿ ನೂಕಿಸಿಕೊಳ್ಳುತ್ತಿದ್ದ. ಇಬ್ಬರೂ ಒಟ್ಟಿಗೇ ಮೇಸ್ತ್ರಿಯ ಕಡೆ ನೋಡಿದರು.

ಕೆಲಸ ಉಳಿದಾಗಿದೆ, ಬಾಯಿ ಮುಚ್ಚಿಕೊಂಡರೆ ಸಾಕು ಎಂದು ಮುನಿಕೃಷ್ಣನಿಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ತೆರೆದುಕೊಂಡಿತು. "ಕಾರ್ಖಾನೆ ಬಚ್ಚಲಿಗೆ ಚಿಲಕ ಇಲ್ಲ ಮೇಡಂ," ಎಂದ. "ಹಾಡು ಹೇಳ್ಕೊಂಡು ಕೂರ್ಬೇಕು. ಮುತ್ತಮ್ಮನಿಗೆ ಹಾಡೋಕೆ ಬರಲ್ಲ. ಗಾಳಿ ಫ್ಯಾನು ಕೆಟ್ಟು ನಾಲ್ಕು ವರ್ಷ ಆಯ್ತು. ಭೀಮರಾಜ ಕೆಮ್ತಾನೆ. ಸೆಕೆ ತಡೀಲಾರದೆ ಕೆಂಪರಾಜ ಕಿಟಕಿ ತೆಗೀತಾನೆ, ಸೀರೆ ನೆನೆಯುತ್ತೆ, ಇಬ್ರೂ ಮಾತು ಬಿಡ್ತಾರೆ. ನಾನು ಹೇಳ್ಬೇಕಿತ್ತು. ಹೇಳ್ಲಿಲ್ಲ. ಹೆದ್ರಿಕೆ ನಂಗೆ."

ಅಕ್ಷತ ಚೀಲದಿಂದ ಪೆನ್ನು ತೆಗೆದಳು. ಹೇಗೂ ಭಾನುವಾರ ಹೋಯಿತು, ಕಾರ್ಖಾನೆಯನ್ನೂ ನೋಡಿಬಿಡೋಣ ಎಂದಳು. ಅಲ್ಲಿ ಗುಬ್ಬಚ್ಚಿಯ ಗೂಡನ್ನೂ, ಚಿಲಕವಿಲ್ಲದ ಬಾಗಿಲನ್ನೂ ನೋಡಿ ಬರೆದುಕೊಂಡಳು. ಒಂದು ವಾರದ ಗಡುವು ಕೊಟ್ಟಳು. ಕೋದಂಡರಾಮಯ್ಯನವರು ಸಹಿ ಹಾಕಿದ ಮೇಲೆ ಮುನಿಕೃಷ್ಣನ ಕಡೆ ತಿರುಗಿದರು.

"ಹದಿನೆಂಟು ವರ್ಷದಲ್ಲಿ ಒಂದ್ಸಲ ಬಂದು ಹೇಳಿದ್ರೆ ಆಗ್ತಿರಲಿಲ್ವಾ?" ಎಂದರು.

"ಹೇಳಿದ್ರೆ ಕೂಗಾಡ್ತಿದ್ರಿ, ಯಜಮಾನ್ರೇ."

"ಕೂಗಾಡ್ತಿದ್ದೆ," ಎಂದು ಅವರು ಒಪ್ಪಿಕೊಂಡರು. "ನಾಳೆ ಟೈಮಿಗೆ ಸರಿಯಾಗಿ ಬಾ."

ಹೊರಗೆ ಬಂದು ಮೊಬೈಲ್ ತೆಗೆದಾಗ ಪಂದ್ಯ ಮುಗಿದಿತ್ತು. ಐದು ಸೊನ್ನೆಯ ಸೋಲು. ಆಟದ ಭೀಮರಾಜ, ಕೆಂಪರಾಜರಿಬ್ಬರೂ ತೊಂಬತ್ತು ನಿಮಿಷ ಚೆಂಡನ್ನೇ ಮುಟ್ಟಿರಲಿಲ್ಲ. ಯೋಗಾನಂದ ಫೋನ್ ಮಾಡಿ, "ಅಣ್ಣಾ, ಹಾರಕ್ಕೆ ಸೇವಂತಿಗೆನಾ, ಗುಲಾಬಿನಾ?" ಎಂದು ಕೇಳಿದ.

"ಯಾವ್ದಾದ್ರೂ ಹಾಕಪ್ಪ. ನಾನು ಸ್ಟ್ರೈಕರ್ ಆಗಿರ್ಲಿಲ್ಲ, ಸುಳ್ಳು ಹೇಳ್ದೆ," ಎಂದು ಮುನಿಕೃಷ್ಣ ಫೋನಿಟ್ಟ. ಆ ವಾರದಲ್ಲಿ ಮೊದಲ ಸಲ ಅವನಿಗೆ ಹಸಿವಾಯಿತು.

ಬುಧವಾರ ಚಿಲಕ ಬಂತು. ಶುಕ್ರವಾರ ಫ್ಯಾನು ತಿರುಗಿತು. ಗುಬ್ಬಚ್ಚಿ ಅಪ್ಪಯ್ಯಣ್ಣನವರ ಕಾರ್ಖಾನೆಗೆ ಗೂಡು ಬದಲಾಯಿಸಿತು. ಭೀಮರಾಜ, ಕೆಂಪರಾಜರು ಈಗ ಒಂದೇ ಮೂಲೆಯಲ್ಲಿ ಕೂತು ಟೀ ಕುಡಿಯುತ್ತಾರೆ. ಎದುರಿಗೆ ನಿಂತವನದು ಹೆಚ್ಚೋ, ಹಿಂದಿನಿಂದ ಬಂದವನದು ಹೆಚ್ಚೋ ಎಂಬ ಜಗಳ ಇನ್ನೂ ಮುಗಿದಿಲ್ಲ.

ಶನಿವಾರ ಬೆಳಿಗ್ಗೆ ಮುನಿಕೃಷ್ಣ ಕೆಲಸಕ್ಕೆ ಹೊರಟಾಗ ಬಾಗಿಲಲ್ಲಿ ಆರು ಜನ ನಿಂತಿದ್ದರು. ಅಪ್ಪಯ್ಯಣ್ಣನವರ ಕಾರ್ಖಾನೆಯವರು. ಎಲ್ಲರೂ ತಲೆ ತಗ್ಗಿಸಿಕೊಂಡಿದ್ದರು.

"ಮೇಸ್ತ್ರೀ," ಎಂದಳು ಅವರಲ್ಲೊಬ್ಬಳು, "ನಮ್ಮಲ್ಲಿ ಕುಡಿಯೋ ನೀರಿಲ್ಲ. ಕೇಳೋಕೆ ಭಯ. ನಮ್ಗೂ ಒಂದು ಜೋಡಿ ಆರಿಸ್ಕೊಡ್ಬೇಕು."

ಮುನಿಕೃಷ್ಣ ತನಗೇನೂ ಗೊತ್ತಿಲ್ಲವೆಂದೂ, ಎಲ್ಲ ತಪ್ಪು ತಿಳುವಳಿಕೆಯೆಂದೂ ಹೇಳಲು ಬಾಯಿ ತೆರೆದ. ಬಾಗಿಲ ಹಿಂದೆ ಪದ್ಮಶ್ರೀ ನಿಂತಿದ್ದಳು. ಈ ಸಲ ಅವಳು ನಗುತ್ತಿರಲಿಲ್ಲ. ಅವನು ಚಪ್ಪಲಿ ಬಿಟ್ಟು ಜಗಲಿಯ ಮೇಲೆ ಕೂತ. ಗಂಟಲು ಸರಿಮಾಡಿಕೊಂಡ.

"ನಿಮ್ಮಲ್ಲಿ ಎತ್ತರದವರು ಯಾರಿದ್ದೀರಿ?" ಎಂದು ಕೇಳಿದ.